ಅರವತ್ತೊಂಬತ್ತು ಕೆಜಿಗೆ ಎಷ್ಟು ಹವಾ?

ಅಂಬಮ್ಮ: ಮತ್ತೊಮ್ಮಿ ಹೇಳ್ರಿ. ಜರಾ ಗಟ್ಟ್ಯಾಗಿ ಹೇಳ್ರಿ, ಓಣಿ ಮಂದಿಗೆಲ್ಲಾ ಕೇಳ್ಲಿ. ನಿಮ್ಮ ತೂಕ ಎಷ್ಟು?

ನೀಲಕಂಠ: ಹೇಳೀನಲ್ಲ. ಅರವತ್ತೊಂಬತ್ತು.

ಇಮಾಮುದ್ದೀನ್: (ಚಹಾ ನೆತ್ತಿಗೇರಿ ಕೆಮ್ಮುತ್ತಾ) ನೂರು ಪೌಂಡ್ ಹಾಕ್ರಿ ವೈನೀ. ಕಣ್ಣು ಮುಚ್ಚಿ ನೂರು ಹಾಕ್ರಿ.

ಅಂಬಮ್ಮ: ಇಮಾಮಣ್ಣ, ಇದು ನಿಮ್ಮ ಬಸ್ಸಲ್ಲ. ಸೈಕಲ್. ಕಂಪನಿಯವ್ರು ಮೊಬೈಲಿನ್ಯಾಗ ಪಟ್ಟಿ ಕಳಿಸ್ಯಾರ. ಇಷ್ಟು ತೂಕಕ್ಕ ಇಷ್ಟು ಹವಾ ಅಂತ ಬರದದ. ಹೆಚ್ಚಾದ್ರ ಪುಟೀತದ, ಕಡಿಮಿ ಆದ್ರ ಕೂಡ್ತದ.

ಇಮಾಮುದ್ದೀನ್: ಕೂಡೋದಕ್ಕಿಂತ ಪುಟಿಯೋದು ಚಲೋ ವೈನೀ. ಪುಟದವ ಮುಂದರೆ ಹೋಗ್ತಾನ.

ಖೂಬಾ ಪ್ಲಾಟ್ ಬಡಾವಣೆಯ ಆ ಅಂಗಳದಲ್ಲಿ ಗಂಡ, ಹೆಂಡತಿ, ರಿಟೈರಾದ ಬಸ್ ಡ್ರೈವರ್ ಗೆಳೆಯ, ಈ ಮೂವರ ನಡುವೆ ನಿಂತಿದ್ದದ್ದು ಬ್ಯಾಟರಿಯಿಂದ ಓಡುವ, ಬೆಟ್ಟ ಹತ್ತುವ ಸೈಕಲ್ಲು. ಕಲಬುರಗಿಯಲ್ಲಿ ಬೆಟ್ಟವೆಂದರೆ ರಸ್ತೆಯ ಉಬ್ಬು. ಅದಕ್ಕಿಂತ ಎತ್ತರದ್ದು ಏನಾದರೂ ಇದ್ದರೆ ಅದು ನೀಲಕಂಠನ ಹೊಟ್ಟೆ. ಮೂರು ತಿಂಗಳ ಹಿಂದೆ ಡಾಕ್ಟರು ಅವನನ್ನು ತೂಗಿ, ತೊಂಬತ್ತೆರಡು ಎಂದು ಬರೆದು, ಪೆನ್ನನ್ನು ಕೆಳಗಿಟ್ಟು, ಅಂಬಮ್ಮನ ಮುಖ ನೋಡಿದ್ದರು. ಅಂದೇ ಅಂಬಮ್ಮ ಗಂಡನಿಗೆ ಈ ಸೈಕಲ್ ಕೊಡಿಸಿದಳು, ಅಡುಗೆಮನೆಯ ಎಣ್ಣೆ ಡಬ್ಬಿಗೆ ಬೀಗ ಹಾಕಿದಳು.

ಅಲ್ಲಿಂದ ಶುರುವಾಯಿತು. ನೀಲಕಂಠ ದಿನಾ ಸಂಜೆ "ತುಳದು ಬರ್ತೇನಿ" ಎಂದು ಹೋಗುತ್ತಿದ್ದ. ವಾರಕ್ಕೊಮ್ಮೆ ಸ್ಟೇಶನ್ ಬಜಾರದ ಔಷಧ ಅಂಗಡಿಯಲ್ಲಿ ತೂಗಿಸಿಕೊಂಡೆ ಎಂದು ಹೇಳಿ, ನಿಂತ ಜಾಗದಲ್ಲೇ ಎರಡು ಕೆಜಿ ಇಳಿಸುತ್ತಿದ್ದ. ಇದೇ ವೇಗದಲ್ಲಿ ಇಳಿದರೆ ಯುಗಾದಿಯ ಹೊತ್ತಿಗೆ ಗೂಟದಲ್ಲಿ ಅಂಗಿಯಷ್ಟೇ ಉಳಿಯಬೇಕು. ಆ ಅಂಗಿಯ ಗುಂಡಿಗಳು ಮಾತ್ರ ಒಂದೊಂದಾಗಿ ಸಿಡಿದು ಬೇರೆಯೇ ಸಾಕ್ಷಿ ಹೇಳುತ್ತಿದ್ದವು. ಅಂಬಮ್ಮ ಅದಕ್ಕೆ ದರ್ಜಿಯನ್ನು ಬೈಯುತ್ತಿದ್ದಳು.

ಅವನು ತೂಕದ ಮನುಷ್ಯನೇ. ಮೂವತ್ತು ವರ್ಷ ಬೇಳೆ ಮಿಲ್ಲಿನಲ್ಲಿ ತೂಕದ ಯಂತ್ರದ ಮುಂದೆ, ಅಂದರೆ ಕಾಟಾದ ಮುಂದೆ, ಕೂತು ರಿಟೈರ್ ಆದವನು. ತೊಗರಿ ಚೀಲವನ್ನು ಬಾಗಿಲಲ್ಲಿ ಕಂಡರೆ ಒಳಗೆ ಬರುವ ಮುಂಚೆಯೇ ತೂಕ ಹೇಳುತ್ತಿದ್ದ. ಚೀಲದ ಮೇಲೆ ನೊಣ ಕೂತಿದ್ದರೆ ನೊಣದ ತೂಕ ಕಳೆದು ಹೇಳುತ್ತಿದ್ದ. ಅವನ ಕಣ್ಣಿಗೆ ಸರಿಯಾಗಿ ಕಾಣದೆ ಉಳಿದದ್ದು ಒಂದೇ ಚೀಲ.

ಅಂಬಮ್ಮ: ಎಪ್ಪತ್ತರ ಒಳಗ ಇಳದ್ರ ನಮ್ಮ ದೌಲ್ಯಾನ ಮನ್ಯಾಗ ಬೇಕಾದಷ್ಟು ಹೋಳಿಗಿ ತಿನ್ರಿ ಅಂತ ಮಾತು ಕೊಟ್ಟಿದ್ದೆ. ನೀವು ಗೆದ್ರಿ. ಇವತ್ತ ನಿಮ್ಮ ತಾಟಿನ ಕಡಿ ನಾ ಹೊಳ್ಳಿ ನೋಡಂಗಿಲ್ಲ.

ನೀಲಕಂಠ: (ಕಣ್ಣು ಒದ್ದೆಯಾಗಿ) ತುಪ್ಪ?

ಅಂಬಮ್ಮ: ತುಪ್ಪಾನೂ.

ನೀಲಕಂಠ: ಕೆಂಪು ಬಾಳಿಹಣ್ಣಿನ ಸೀಕರಣಿ?

ಅಂಬಮ್ಮ: ಬಕೀಟು ಇಟಗೊಂಡು ಕೂಡ್ರಿ. ಆದ್ರ ಸೈಕಲ್ ಮ್ಯಾಲೇ ಬಂದು ಇಳೀಬೇಕು ಮತ್ತ! ನಮ್ಮ ಕಮಲಾಪುರದ ಮಂದಿ ನೋಡ್ಬೇಕು. ನಾನು ಇಮಾಮಣ್ಣ ಹಿಂದಿಂದ ಕಾರಿನ್ಯಾಗ ಬರ್ತೇವಿ. ತಡೀರಿ, ಗಂಟು ತರ್ತೇನಿ.

ಅವಳ ತಮ್ಮ ದೌಲಪ್ಪ ಕಮಲಾಪುರದಲ್ಲಿ ಬಾಳೆಹಣ್ಣಿನ ಹೊಸ ಅಂಗಡಿ ಹಾಕಿದ್ದ. ಇವತ್ತು ಪೂಜೆ, ಪೂಜೆಯ ನಂತರ ಊಟ. ಅಂಬಮ್ಮ ಒಳಗೆ ಹೋದ ಕೂಡಲೇ ಇಮಾಮುದ್ದೀನ್ ಗೆಳೆಯನ ಕಿವಿಗೆ ಬಾಯಿ ಇಟ್ಟ.

ಇಮಾಮುದ್ದೀನ್: ನೀಲ್ಯಾ, ಖರೇ ಹೇಳಿಬಿಡೋ. ಟೈರ್ ಕೂಡ್ತದ.

ನೀಲಕಂಠ: ಖರೇ ಹೇಳಿದ್ರ ನಾ ಊಟಕ್ಕ ಕೂಡಂಗಿಲ್ಲ. ಟೈರ್ ಕೂತ್ರ ಕೂಡ್ಲಿ.

ಇಮಾಮುದ್ದೀನ್: ನಿನ್ನಿ ಒಂದ ಸಂಜೀಕ ಎಷ್ಟು ಮಿರ್ಚಿ ಭಜಿ ತಿಂದಿ? ಚಾಂದಬಿ ಕಡಾಯಿ ಕೆಳಗಿಟ್ಟು ಕೈ ಮುಗದಳು. ಆಕಿ ಗಾಡಿ ಮುಂದ ಬೀದಿ ನಾಯಿಗೂ ಒಂದು ತುಣುಕು ಸಿಗವಲ್ದು ಅಂತ ನಾಯಿ ಓಣಿ ಬಿಟ್ಟು ಹೋಗ್ಯದ.

ನೀಲಕಂಠ: ಅದ್ರಾಗ ಅರ್ಧ ನೀ ತಿಂದಿ.

ಇಮಾಮುದ್ದೀನ್: ನಾ ಕಾರಿನ್ಯಾಗ ಬರಾಂವ. ನನ್ನ ಟೈರಿಗೆ ಯಾರೂ ತೂಕ ಕೇಳಂಗಿಲ್ಲ.

ನೀಲಕಂಠ: ಮೂರು ತಿಂಗಳಾತು ಇಮಾಮ್ಯಾ, ಮನ್ಯಾಗ ಹೋಳಿಗಿ ಮಾರಿ ನೋಡಿಲ್ಲ. ಕನಸಿನ್ಯಾಗ ಬರ್ತದ, ತುಪ್ಪ ಹಚಗೊಂಡು ಬರ್ತದ, ಇನ್ನೇನು ಬಾಯಾಗ ಇಟಗೋಬೇಕು ಅನ್ನೋದ್ರಾಗ ಇಕಿ ಪುಂಡಿಪಲ್ಯ ತಗೊಂಡು ಎಬ್ಬಿಸ್ತಾಳ. ದೋಸ್ತ ಅದಿಯೋ ಏನು ಪಟ್ಟಿ ಕಳಿಸಿದ ಕಂಪನಿ ಏಜೆಂಟ ಅದಿಯೋ? ಬಾಯಿ ಮುಚ್ಚು.

ಅಂಬಮ್ಮ ಗಂಟು ಹೊತ್ತು ಬಂದಳು. ಜೋಳದ ಹಿಟ್ಟು ಐದು ಕೆಜಿ, ಶೇಂಗಾ ಐದು ಕೆಜಿ, ಬೆಲ್ಲ ಎರಡು ಕೆಜಿ. ತಾನೇ ತೂಗಿ ಕಟ್ಟಿದ್ದು. ಬೆಟ್ಟ ಹತ್ತುವ ಸೈಕಲ್ಲಿಗೆ ನೀಲಕಂಠ ಶಹಾಬಜಾರದಲ್ಲಿ ಹೇಳಿ ಹಾಲಿನವರ ಕಬ್ಬಿಣದ ಕ್ಯಾರಿಯರ್ ಕೂಡ್ರಿಸಿದ್ದ. ಗಂಟು ಅದರ ಮೇಲೆ ಕೂತಿತು.

ಇಮಾಮುದ್ದೀನ್: ಕಾರಿನ್ಯಾಗ ಇಡ್ರಿ ವೈನೀ ಅದನ್ನ.

ಅಂಬಮ್ಮ: ಕಾರಿನ್ಯಾಗ ಯಾಕ? ಮನಿ ಅಳಿಯ ಬರಿಗೈಲೆ ಬಂದ ಅಂತಾರ. ಹೊತ್ತು ತಂದಂಗ ಕಾಣ್ಬೇಕು. ಹಾಂ, ಅರವತ್ತೊಂಬತ್ತಕ್ಕ ಹನ್ನೆರಡು ಕೂಡಿಸ್ರಿ, ಎಂಬತ್ತೊಂದು. ಎಂಬತ್ತೊಂದಕ್ಕ... ಇಪ್ಪತ್ತೆಂಟು ಪೌಂಡ್ ಅಂತ ಅದ. ಹಾಕ್ತೇನಿ.

ಅವಳು ಸೀರೆಯ ಸೆರಗು ಸಿಕ್ಕಿಸಿ, ಗಡಿಯಾರದಂಥ ಮುಳ್ಳಿದ್ದ ಪಂಪಿನಿಂದ ಎರಡೂ ಚಕ್ರಕ್ಕೆ ಗಾಳಿ ಹಾಕಿದಳು. ಮುಳ್ಳು ಇಪ್ಪತ್ತೆಂಟರ ಮೇಲೆ ಒಂದು ಕೂದಲೆಳೆ ದಾಟಿತೆಂದು ಅಷ್ಟನ್ನು ಬಿಟ್ಟಳು. ಇಮಾಮುದ್ದೀನ್ ಬಸ್ ಓಡಿಸುತ್ತಿದ್ದ ಕಾಲದ ತನ್ನ ಮೋಟುಗೋಲು ತೆಗೆದು ಹಿಂದಿನ ಟೈರಿಗೆ ಬಡಿದು, ಕಿವಿಗೊಟ್ಟ. ಬಸ್ಸಿನ ಟೈರು ಹೊಡೆದರೆ ಗಂಟೆಯ ಹಾಗೆ ನುಡಿಯಬೇಕು ಎನ್ನುವುದು ಅವನ ಧರ್ಮ.

ಇಮಾಮುದ್ದೀನ್: ಆವಾಜೇ ಬರವಲ್ದು. ಕಣಕ ಬಡದಂಗ ಆಗ್ಲಾಕತ್ತದ.

ನೀಲಕಂಠ: ಕಣಕ ಅನಬ್ಯಾಡೋ. ಹೊಟ್ಟಿ ಹಸೀತದ.

*

ಹುಮನಾಬಾದ್ ರಸ್ತೆ. ಮುಂದೆ ಸೈಕಲ್ಲು, ಹಿಂದೆ ಇಮಾಮುದ್ದೀನನ ಹಳೆಯ ಕಾರು. ಮೊದಲ ಉಬ್ಬು ಬಂತು. ಹಿಂದಿನ ಚಕ್ರ ಅದರ ಮೇಲೆ ಹತ್ತಿ ಇಳಿದದ್ದೇ 'ಠಕ್' ಎಂದಿತು. ಆ ಸದ್ದಿಗೆ ಮೂರು ಹೊಲದಾಚೆ ಮೇಯುತ್ತಿದ್ದ ಎಮ್ಮೆ ತಲೆ ಎತ್ತಿತು.

ಅಂಬಮ್ಮ: (ಕಾರಿನ ಕಿಟಕಿಯಿಂದ) ಇಮಾಮಣ್ಣ, ಏನದು ಆವಾಜು?

ಇಮಾಮುದ್ದೀನ್: ಟೈರ್ ಒಳಗ ಜಾಗಾ ಮುಗದು ಚಕ್ರದ ಕಬ್ಬಿಣ ಕಲ್ಲಿಗೆ ಬಡೀಲಾಕತ್ತದ ವೈನೀ. ಅಲ್ನೋಡ್ರಿ, ಟೈರ್ ಹೋಳಿಗಿ ಆಗ್ಯದ.

ನೀಲಕಂಠ: (ತಿರುಗದೆ) ಬೆಟ್ಟದ ಸೈಕಲ್ಲಿಗೆ ಟೈರ್ ಮೆತ್ತಗೇ ಇರಬೇಕು! ಮೆತ್ತಗಿದ್ರ ನೆಲಾ ಹಿಡೀತದ!

ಇಮಾಮುದ್ದೀನ್: ಹಿಡದದ. ಬಿಡವಲ್ದು.

ಅಂಬಮ್ಮ: ಏನ್ರಿ, ಮೋಟರ್ ಬಂದ್ ಮಾಡಿ ತುಳೀತೀನಿ ಅಂತಿದ್ರಲ್ಲ ದಿನಾ?

ನೀಲಕಂಠ: ತುಳೀಲಾಕತ್ತೀನಲ್ಲ!

ಅಂಬಮ್ಮ: ಕಾಲು ಅಲ್ಲಾಡವಲ್ಲವು?

ನೀಲಕಂಠ: ಇದು ಇಳಿಜಾರು!

ಅಂಬಮ್ಮ: ಇದು ಏರು! ನಮ್ಮ ಕಾರು ಅಳ್ಲಾಕತ್ತದ, ನೀವು ಕೈ ಬಿಟಗೊಂಡು ಹಣಿ ಒರಸ್ಗೊಂಡು ಹೊಂಟೀರಿ!

'ಠಕ್.' ಎರಡನೆಯ ಉಬ್ಬು. 'ಠಕ್, ಠಕ್.' ಯಾರೋ ಕಲ್ಲು ಹಾಕಿ ಬಿಟ್ಟುಹೋದ ಜಾಗ. ಮಹಾಗಾಂವ್ ಕ್ರಾಸಿಗೆ ಬರುವ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಮೆತ್ತಗಾದ ಟೈರನ್ನು ಎಳೆದೂ ಎಳೆದೂ ಮೋಟರು ಮನುಷ್ಯನ ಹಾಗೆ ಏದುಸಿರು ಬಿಡುತ್ತಿತ್ತು. ನೀಲಕಂಠ ಮಾತ್ರ ಒಂದು ಹನಿಯೂ ಬೆವರಿರಲಿಲ್ಲ. ಚಹಾದಂಗಡಿ ಮುಂದೆ ಕಾರು ಅಡ್ಡ ನಿಂತಿತು.

ಅಂಬಮ್ಮ: ಇಳೀರಿ.

ನೀಲಕಂಠ: ಇನ್ನ ಜರಾ ದೂರ ಅದ ಅಷ್ಟೇ, ಹಿಂಗೇ ಹ್ವಾದ್ರ...

ಅಂಬಮ್ಮ: ಇಳೀರಿ ಅಂದೆ. ಇಮಾಮಣ್ಣ, ಪಂಪು ತಗೀರಿ. ಕಂಪನಿಯವ್ರು ಬರದದ್ದು ಖರೇ ಇದ್ರ ಇದು ಯಾಕ ಕೂಡ್ತದ ನೋಡೋಣು.

ಇಮಾಮುದ್ದೀನನ ಕಿವಿಯೇ ಅಳತೆಗೋಲಾಯಿತು. ಅವನು ಎರಡು ಪೌಂಡ್ ಹಾಕುವುದು, ನೀಲಕಂಠ ಗಂಟಿನ ಸಮೇತ ಹತ್ತಿ ಕೂತು ಕ್ರಾಸಿನ ಉಬ್ಬು ಹಾಯುವುದು, 'ಠಕ್' ಎಂದರೆ ಮತ್ತೆ ಎರಡು ಪೌಂಡ್. ಚಹಾ ಕುಡಿಯುತ್ತಿದ್ದವರು ಗ್ಲಾಸು ಹಿಡಿದು ಹೊರಗೆ ಬಂದು ನಿಂತರು. ಒಬ್ಬ 'ಠಕ್ ಅಂತದ' ಅಂದ, ಇನ್ನೊಬ್ಬ 'ಅನ್ನಂಗಿಲ್ಲ' ಅಂದ. ಚಹಾದ ಮೇಲೆ ಚಹಾ ಪಂಥವಾಯಿತು. ಕೊನೆಗೆ ಒಮ್ಮೆ ಚಕ್ರ ಉಬ್ಬಿನ ಮೇಲೆ ಹತ್ತಿ, ಬೆಕ್ಕು ಗೋಡೆ ಇಳಿದಂತೆ ಇಳಿಯಿತು. ಸದ್ದಿಲ್ಲ.

ಇಮಾಮುದ್ದೀನ್: ಶಾಬಾಸ್! ಹಿಂಗಿರಬೇಕು. ಚಾಂದಬಿ ಗಾಡಿಗೆ ಹೋಗೋಮುಂದ ಹಿಂಗೇ ಹಾಕ್ತಿದ್ವಲ್ಲ, ಒಮ್ಮೆರೆ ಠಕ್ ಅಂದದೇನು?

ಅಂಬಮ್ಮ ಇಮಾಮುದ್ದೀನನ ಮುಂದೆ ಬಂದು ನಿಂತಳು.

ಅಂಬಮ್ಮ: ಯಾರ ಚಾಂದಬಿ?

ಇಮಾಮುದ್ದೀನ್: (ಪಂಪು ತೋರಿಸಿ) ಹವಾ... ಹವಾ ಹಾಕ್ತಾಳ ವೈನೀ. ಸ್ಟೇಶನ್ ಬಜಾರದಾಗ.

ಅಂಬಮ್ಮ: ಟೈರಿಗೋ, ಹೊಟ್ಟಿಗೋ?

ನೀಲಕಂಠ: ಎರಡಕ್ಕೂ ಅಲ್ಲ. ಅಂದ್ರ, ಆಕಿ ವಯಸ್ಸಾದಾಕಿ, ಪಾಪ...

ಅಂಬಮ್ಮ: ವಯಸ್ಸು ಕೇಳಿಲ್ಲ ನಾ. ಆಕಿ ಗಾಡಿ ಮ್ಯಾಲ ಏನದ ಅದನ್ನ ಹೇಳ್ರಿ.

ಚಹಾದಂಗಡಿಯಲ್ಲಿ ನಿಂತಿದ್ದ ಒಬ್ಬ ಪ್ರಯಾಣಿಕ ಉಪಕಾರ ಮಾಡುವ ಉತ್ಸಾಹದಲ್ಲಿ, "ಚಾಂದಬಿ ಮಿರ್ಚಿ ಭಜಿ ಅಲ್ಲೇನ್ರಿ? ಭಾಳ ಫೇಮಸ್" ಅಂದುಬಿಟ್ಟ. ನೀಲಕಂಠ ಅವನನ್ನು ನೋಡಿದ ನೋಟಕ್ಕೆ ಅವನ ಚಹಾ ಆರಿಹೋಯಿತು.

ಅಂಬಮ್ಮ: ಮುಳ್ಳು ಎಷ್ಟು ತೋರಸ್ಲಾಕತ್ತದ ಇಮಾಮಣ್ಣ?

ಇಮಾಮುದ್ದೀನ್: ಮೂವತ್ತಾರು.

ಅಂಬಮ್ಮ ಮೊಬೈಲು ತೆಗೆದಳು. ಮುಂಜಾನೆ ಅವಳು ಪಟ್ಟಿಯನ್ನು ತೂಕದಿಂದ ಗಾಳಿಗೆ ಓದಿದ್ದಳು. ಈಗ ಬೆರಳನ್ನು ಗಾಳಿಯ ಮೇಲಿಟ್ಟು ತೂಕದ ಕಡೆಗೆ ಎಳೆದಳು. ಕಂಪನಿಯವರು ಆ ಪಟ್ಟಿ ಮಾಡುವಾಗ ಯಾವ ಹೆಂಡತಿಯೂ ಅದನ್ನು ಹಿಂದಿನಿಂದ ಓದಬಹುದೆಂದು ಯೋಚಿಸಿರಲಿಲ್ಲ.

ಅಂಬಮ್ಮ: ನೂರಾ ನಾಲ್ಕು ಕೆಜಿ. ಅದ್ರಾಗ ಗಂಟಿಂದು ಹನ್ನೆರಡು ಹ್ವಾದ್ರ ತೊಂಬತ್ತೆರಡು. ಡಾಕ್ಟರು ಬರದದ್ದು ಎಷ್ಟು? ತೊಂಬತ್ತೆರಡು! ಮೂರು ತಿಂಗಳು ಎಣ್ಣಿ ಡಬ್ಬಿಗೆ ಕೀಲಿ ಹಾಕಿ ನಾನೂ ಒಣಾ ರೊಟ್ಟಿ ತಿಂದೆ. ನಾ ನಾಲ್ಕು ಕೆಜಿ ಇಳದೀನಿ. ನೀವು ಒಂದು ಗುಂಜಿ ಇಳದಿಲ್ಲ!

ನೀಲಕಂಠ: ಅದು... ಗಂಟು! ನಿನ್ನ ಗಂಟೇ ಮೂವತ್ತೈದು ಕೆಜಿ ಅದ! ಅದ್ರಾಗ ಏನಿಟ್ಟಿ, ಬೀಸೋ ಕಲ್ಲಾ?

ಅಂಬಮ್ಮ: ನನ್ನ ಕೈಲೇ ತೂಗಿ ಕಟ್ಟಿದ್ದು!

ನೀಲಕಂಠ: ಮೂವತ್ತು ವರ್ಷ ಕಾಟಾ ನೋಡಿದಾಂವ ನಾನು. ನನ್ನ ಕಣ್ಣಿಗೆ ಮೂವತ್ತೈದು!

ಅಂಬಮ್ಮ: ಬೇಷಾತು. ನಮ್ಮ ದೌಲ್ಯಾನ ಅಂಗಡ್ಯಾಗ ಹೊಸಾ ಕಾಟಾ ಬಂದಾವ. ನೀವೂ ಹತ್ರಿ, ಗಂಟೂ ಹತ್ಲಿ. ನಮ್ಮ ತವರುಮನಿ ಕಾಟಾ ಅದು, ಸುಳ್ಳ ಹೇಳಂಗಿಲ್ಲ. ಎಪ್ಪತ್ತರ ಮ್ಯಾಲ ಒಂದು ಬಂತಂದ್ರ ಹೋಳಿಗಿ ವಾಸನಿ ನೋಡ್ರಿ, ಪುಂಡಿಪಲ್ಯ ತಿನ್ರಿ.

ಅಲ್ಲಿಂದ ಕಮಲಾಪುರದವರೆಗೆ ಸೈಕಲ್ಲು ಒಮ್ಮೆಯೂ 'ಠಕ್' ಅನ್ನಲಿಲ್ಲ. ಟೈರಿಗೆ ಬೇಕಾದಷ್ಟು ಗಾಳಿ ಇತ್ತು. ನೀಲಕಂಠನಲ್ಲಿ ಇರಲಿಲ್ಲ.

*

ದೌಲಪ್ಪ ಅಂಗಡಿಯ ಬಾಗಿಲಲ್ಲೇ ಇದ್ದ. ಅವನೂ ಸಣ್ಣವನಲ್ಲ, ಅವನು ಬಾಗಿಲಲ್ಲಿ ನಿಂತರೆ ಅಂಗಡಿ ಮುಚ್ಚಿದೆ ಎಂದು ಗಿರಾಕಿಗಳು ವಾಪಸು ಹೋಗಬೇಕು, ಹಾಗಿದ್ದ. ಒಳಗೆ ಕೆಂಪು ಬಾಳೆಯ ಗೊನೆಗಳು ಸಾಲಾಗಿ ತೂಗುತ್ತಿದ್ದವು. ಎಡಗಡೆ ಒಂದು ಕಾಟಾ, ಬಲಗಡೆ ಒಂದು ಕಾಟಾ, ಎರಡಕ್ಕೂ ವಿಭೂತಿ, ಹೂವಿನ ಮಾಲೆ. ಹಿಂದಿನ ಮನೆಯಿಂದ ಹೋಳಿಗೆ ಬೇಯುವ ವಾಸನೆ ಬಂತು. ನೀಲಕಂಠ ಬಾಗಿಲ ಚೌಕಟ್ಟು ಹಿಡಿದುಕೊಂಡ.

ದೌಲಪ್ಪ: ಬರ್ರಿ ಮಾವಾ, ಬರ್ರಿ! ಸೈಕಲ್ ಮ್ಯಾಲೇ ಬಂದ್ರಿ! ಅಕ್ಕಾ, ಕಾಲಿಗೆ ನೀರು...

ಅಂಬಮ್ಮ: ನೀರು ಆಮ್ಯಾಲ. ಮೊದ್ಲ ನಿಮ್ಮ ಮಾವನ್ನ ತೂಗಬೇಕು.

ದೌಲಪ್ಪ: ಮಾವನ್ನ? ಯಾಕ, ಮಾರ್ಲಾಕತ್ತೀಯೇನು?

ಅಂಬಮ್ಮ: ಯಾರೂ ತಗೊಳ್ಳಂಗಿಲ್ಲ. ಹತ್ರಿ ಎಡಗಡೆ ಕಾಟಾದ ಮ್ಯಾಲ.

ದೌಲಪ್ಪ: (ಅಡ್ಡ ಬಂದು) ಅಕ್ಕಾ, ಪೂಜಿ ಮಾಡಿದ ಕಾಟಾ. ಕಾಲಿಡಬಾರ್ದು.

ಅಂಬಮ್ಮ: ಅಳಿಯ ದೇವರಿದ್ದಂಗ ಅಂತ ನೀನೇ ಪತ್ರಿಕಿ ಕೊಡೋಮುಂದ ಅಂದಿ. ದೇವರು ಎಲ್ಲಿ ಕಾಲಿಟ್ರ ಏನು? ಸರಿ ಅತ್ಲಾಗ.

ನೀಲಕಂಠ ಗಲ್ಲಿಗೆ ಏರುವವನ ಹಾಗೆ ಚಪ್ಪಲಿ ಬಿಟ್ಟ, ಶಲ್ಯ ತೆಗೆದ, ಕಿಸೆಯ ಚಿಲ್ಲರೆ ತೆಗೆದ, ಕನ್ನಡಕ ತೆಗೆದ, ಒಳಗಿದ್ದ ಉಸಿರನ್ನೂ ಬಿಟ್ಟು ಹತ್ತಿದ. ಕೆಂಪು ಅಂಕಿಗಳು ಓಡಾಡಿ ನಿಂತವು.

ಇಮಾಮುದ್ದೀನ್: (ಬಗ್ಗಿ ನೋಡಿ, ಕಣ್ಣುಜ್ಜಿ) ಅರವತ್ತೊಂಬತ್ತು.

ಎಲ್ಲರಿಗಿಂತ ಹೆಚ್ಚು ಬೆರಗಾದವನು ನೀಲಕಂಠನೇ. ಒಂದು ಗಳಿಗೆ, ತಾನು ಗೊತ್ತಿಲ್ಲದೆ ನಿಜಕ್ಕೂ ಇಳಿದುಬಿಟ್ಟೆನೋ ಎಂದು ಹೊಟ್ಟೆ ಮುಟ್ಟಿ ನೋಡಿಕೊಂಡ. ಅದು ಅಲ್ಲೇ ಇತ್ತು. ಆಮೇಲೆ ದೌಲಪ್ಪನ ಮುಖ ನೋಡಿದ. ದೌಲಪ್ಪ ಗೊನೆ ಎಣಿಸುವವನ ಹಾಗೆ ಮಾಡು ನೋಡುತ್ತಿದ್ದ. ಮೂವತ್ತು ವರ್ಷ ಕಾಟಾ ನೋಡಿದವನಿಗೆ ಅಷ್ಟು ಸಾಕಾಯಿತು. ಬಾಯಿ ಮುಚ್ಚಿಕೊಳ್ಳಲು ಅಷ್ಟೂ ಬೇಕಾಗಲಿಲ್ಲ.

ನೀಲಕಂಠ: (ಕಾಟಾದ ಮೇಲೆ ನಿಂತೇ, ನೊಂದ ದನಿಯಲ್ಲಿ) ನೋಡ್ದಿ? ಮಂದಿ ಮುಂದ ನನ್ನ ಮಾನ ಕಳದಿ. ಚಹಾದ ಅಂಗಡಿ ಮುಂದ ನಿಲ್ಲಿಸಿ ಸುಳ್ಳ ಅಂದಿ.

ಅಂಬಮ್ಮ: (ಕಣ್ಣಿಗೆ ಸೆರಗು ಹಚ್ಚಿ) ತಪ್ಪಾತ್ರಿ. ಆ ಮೊಬೈಲಿನ ಮಾತು ಕೇಳಿ ಕೆಟ್ಟೆ. ದೌಲ್ಯಾ, ಹೋಳಿಗಿ ಹಚ್ಚಾಕ ಹೇಳು. ತುಪ್ಪ ಕಾಸಾಕ ಹೇಳು. ನಿಮ್ಮ ಮಾವ... (ನಿಂತು) ಹಂಗಾದ್ರ ಗಂಟು ಖರೇನೇ ಮೂವತ್ತೈದು ಅದ ಏನು?

ಇಮಾಮುದ್ದೀನ್: (ಲಗುಬಗೆಯಿಂದ) ಹಸಿವ್ಯಾಗ ಲೆಕ್ಕ ಬ್ಯಾಡ ವೈನೀ.

ಎಡಗಡೆಯ ಕಾಟಾದಿಂದ ನೀಲಕಂಠ ಇಳಿಯುವಂತೆ ಕಾಣಲಿಲ್ಲ. ಜೀವಮಾನದಲ್ಲಿ ಅಷ್ಟು ಹಗುರಾಗಿ ಅವನು ಎಲ್ಲೂ ನಿಂತಿರಲಿಲ್ಲ. ಅಂಬಮ್ಮ ಗಂಟನ್ನು ಬಲಗಡೆಯ ಕಾಟಾದ ಮೇಲಿಟ್ಟಳು. ಹದಿನಾರು.

ಅಂಬಮ್ಮ: ಹದಿನಾರು? ಹನ್ನೆರಡು ಕಟ್ಟೀನಿ. ಹಿಟ್ಟು ದಾರ್ಯಾಗ ಮರಿ ಹಾಕ್ತೇನು? ಸರೀರಿ ಅತ್ಲಾಗ.

ಗಂಡನನ್ನು ಕೆಳಗಿಳಿಸಿ, ಗಂಟನ್ನು ಎಡಗಡೆಯ ಕಾಟಾದ ಮೇಲಿಟ್ಟಳು. ಒಂಬತ್ತು.

ಅಂಬಮ್ಮ: ಒಂಬತ್ತು. (ಎರಡೂ ಕಾಟಾ ಮೇಲಿಂದ ಕೆಳಗೆ ನೋಡಿ) ಏನ್ರಿ, ಹಂಗೇ ನಾಕು ಹೆಜ್ಜಿ ನಡದು ಬಲಗಡಿಗೆ ಬರ್ರಿ.

ನೀಲಕಂಠ: ಒಮ್ಮಿ ತೂಗಿದ್ದಾತಲ್ಲ!

ಅಂಬಮ್ಮ: ಇಮಾಮಣ್ಣ, ನೂಕ್ರಿ.

ಇಮಾಮುದ್ದೀನ್ ನೂಕಿದ. ಬಲಗಡೆಯ ಕಾಟಾ ಒಮ್ಮೆ ನರಳಿ, ನೂರಾ ಇಪ್ಪತ್ತಮೂರು ಎಂದು ತೋರಿಸಿತು. ಅಂಗಡಿಯ ಆ ಬದಿಯಿಂದ ಈ ಬದಿಗೆ ನಡೆದು ಬರುವುದರೊಳಗೆ ಮನುಷ್ಯ ಇನ್ನೊಬ್ಬನನ್ನು ನುಂಗಿದಷ್ಟು ಬೆಳೆದಿದ್ದ.

ಅಂಬಮ್ಮ: ದೌಲ್ಯಾ.

ದೌಲಪ್ಪ: ಅಕ್ಕಾ, ಅದು ಹೆಂಗಂದ್ರ... ಎಡಗಡೀದು ನಾವು ರೈತರ ಕಡಿಂದ ಕೊಳ್ಳೋದು. ಕಾಯಿ ಹಣ್ಣಾಗೋದ್ರಾಗ ತೂಕ ಇಳೀತದಲ್ಲ? ಅದನ್ನ ಕಾಟಾಕ್ಕ ಮೊದ್ಲೇ ತಿಳಿಸಿ ಇಟ್ಟೀನಿ.

ಅಂಬಮ್ಮ: ಬಲಗಡೀದು?

ದೌಲಪ್ಪ: ಅದು ಮಾರೋದು. ಗಿರಾಕಿಗೆ ಮನಸ್ಸಿಗೆ ಜರಾ ತುಂಬಿದಂಗ ಆಗ್ಬೇಕಲ್ಲ ಅಕ್ಕಾ.

ಈಗ ಅಂಬಮ್ಮನಿಗೆ ಬಂದದ್ದು ಪೇಚು. ಎಡಗಡೆಯ ಕಾಟಾ ನಿಜವೆಂದರೆ ಗಂಡ ಗೆದ್ದ. ಸುಳ್ಳೆಂದರೆ, ಓಣಿಯಲ್ಲೆಲ್ಲ ಹೊಗಳಿಕೊಂಡು ಬಂದ ತವರುಮನೆ ಇಮಾಮುದ್ದೀನನ ಎದುರಿಗೆ ಬಿದ್ದುಹೋಯಿತು. ಅವಳ ಈ ಇಕ್ಕಟ್ಟನ್ನು ನೀಲಕಂಠ ಹೋಳಿಗೆಯ ವಾಸನೆಯಷ್ಟೇ ಬೇಗ ಹಿಡಿದ.

ನೀಲಕಂಠ: ನಮ್ಮ ದೌಲಪ್ಪಗ ಯಾರರೆ ಏನರೆ ಅಂದ್ರ ನಾ ಸುಮ್ಕಿರಂಗಿಲ್ಲ! ಮೂವತ್ತು ವರ್ಷ ಕಾಟಾ ನೋಡಿದಾಂವ ಹೇಳ್ಲಾಕತ್ತೀನಿ, ಎಡಗಡೆ ಕಾಟಾ ಪಕ್ಕಾ ಅದ.

ದೌಲಪ್ಪ: ನಮ್ಮ ಮಾವ ಸುಳ್ಳ ಹ್ಯಾಂಗ ಹೇಳ್ತಾರ ಅಕ್ಕಾ? ನೋಡಿದ್ರೇ ತಿಳೀತದ, ಅರವತ್ತೊಂಬತ್ತರ ಮ್ಯಾಲ ಒಂದು ಚೂರಿಲ್ಲ. ಸೊರಗಿ ಹೋಗ್ಯಾರ.

ನೀಲಕಂಠ: ಬಲಗಡೀದೂ ಬರೋಬ್ಬರಿ ಅದ. ಅದ್ರ ಮ್ಯಾಲ ನಾ ಸರಿಯಾಗಿ ನಿಂತಿರಲಿಲ್ಲ.

ಇಮಾಮುದ್ದೀನ್: (ಬಾಳೆಹಣ್ಣು ಸುಲಿಯುತ್ತಾ) ಯಾ ಅಲ್ಲಾ. ಇಬ್ಬರೂ ಒಬ್ಬರಿಗೊಬ್ಬರು ಹವಾ ಹಾಕ್ಲಾಕತ್ತಾರ.

ಅಂಬಮ್ಮ: (ತಣ್ಣಗೆ) ಹಂಗಾರ ಎರಡೂ ಕಾಟಾ ಖರೇ?

ಇಬ್ಬರೂ: ಖರೇ!

ಅಂಬಮ್ಮ: ಎರಡೂ ಒಂದೇ?

ನೀಲಕಂಠ: ಒಂದೇ! ಅಕ್ಕ ತಂಗಿ ಇದ್ದಂಗ ಅವ.

ಅಂಬಮ್ಮ: ಬೇಷಾತು. ಮಾತಂದ್ರ ಮಾತು. ದೌಲ್ಯಾ, ಹೋಳಿಗಿ ತರಸು. ಒಂದು ಕಾಟಾ ಅವ್ರ ಕಡಿ, ಒಂದು ನನ್ನ ಕಡಿ, ಹಂಗಾಗಿ ನಿಮ್ಮ ಮಾವಗ ಬೇಕಾದಷ್ಟಲ್ಲ, ಅರ್ಧ ಕೆಜಿ ತೂಗಿ ಹಾಕು. ಏನ್ರಿ, ಯಾವ ಕಾಟಾದ ಮ್ಯಾಲ ತೂಗಲಿ?

ನೀಲಕಂಠ: ಎಡಗಡೆ!

ಆ ಮಾತು ಅವನ ಬಾಯಿಂದಲ್ಲ, ಮೂರು ತಿಂಗಳು ಕಾದಿದ್ದ ಹೊಟ್ಟೆಯಿಂದ ನೇರ ಬಂದಿತ್ತು. ವಾಪಸು ನುಂಗಲು ಆಗಲಿಲ್ಲ.

ಅಂಬಮ್ಮ: ಯಾಕ? ಎರಡೂ ಒಂದೇ ಅಂದ್ರಲ್ಲ.

ನೀಲಕಂಠ: ಅಲ್ಲ... ಬಲಗಡೆ ತೂಗಿದ್ರ ಅರ್ಧ ಕೆಜಿಗೆ... ಕಡಿಮಿ...

ಅಂಬಮ್ಮ: ಹೇಳ್ರಿ. ಕಡಿಮಿ ಏನು?

ನೀಲಕಂಠ: ಕಡಿಮಿ ಬರ್ತದ.

ಅಂಬಮ್ಮ: ಮೂವತ್ತು ವರ್ಷ ಕಾಟಾ ನೋಡಿದವ್ರು ಹೇಳಿದ್ರು, ಮುಗೀತು. ದೌಲ್ಯಾ, ಬಲಗಡಿ ಮ್ಯಾಲ ತೂಗು.

ಹೋಳಿಗೆ ಬಂತು. ಬಲಗಡೆಯ ಕಾಟಾ ಮೊಟ್ಟಮೊದಲ ಬಾರಿಗೆ ಗಿರಾಕಿಯ ಎದುರು ಕೆಲಸ ಮಾಡಿತು. ತನ್ನ ಒಡೆಯ ಕಲಿಸಿದಂತೆಯೇ ಮಾಡಿತು. ನೀಲಕಂಠನ ತಾಟಿಗೆ ಬಿದ್ದ ಹೋಳಿಗೆಗಳನ್ನು ಎಣಿಸಲು ಒಂದು ಕೈಯ ಬೆರಳೂ ಪೂರ್ತಿ ಬೇಕಾಗಲಿಲ್ಲ. ಪಕ್ಕದಲ್ಲಿ ಇಮಾಮುದ್ದೀನನಿಗೆ ತೂಕವಿಲ್ಲದೆ ಬಡಿಸುತ್ತಿದ್ದರು.

ನೀಲಕಂಠ: ಅವನೂ ಚಾಂದಬಿ ಭಜಿ ತಿಂದಾನ!

ಇಮಾಮುದ್ದೀನ್: (ತುಪ್ಪ ಹಾಕಿಸಿಕೊಳ್ಳುತ್ತಾ) ನಾ ತೂಕ ಹೇಳೇ ಇಲ್ಲಲ್ಲೋ ನೀಲ್ಯಾ.

ಊಟವಾದ ಮೇಲೆ ಅಂಬಮ್ಮ ಎರಡೂ ಕಾಟಾದ ಮಾಲೆ ತೆಗೆದು, ಅಡ್ಡಡ್ಡ ಮಲಗಿಸಿ, ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದಳು.

ದೌಲಪ್ಪ: ಅಕ್ಕಾ, ಇದೇನು?

ಅಂಬಮ್ಮ: ಇನ್ನಾ ಒಬ್ಬ ಗಿರಾಕಿಗೂ ತೂಗಿಲ್ಲ, ಬೋಣಿಗಿ ಆಗಿಲ್ಲಲ್ಲ? ಅದು ನಿನ್ನ ನಸೀಬ, ಇಲ್ಲಂದ್ರ ಇಲ್ಲೇ ಬಡಿಗಿ ತಗೋತಿದ್ದೆ. ಕಲಬುರಗಿಗೆ ತುಳಕೊಂಡು ಹೋಗು. ಸ್ಟೇಶನ್ ಬಜಾರದಾಗ ಕಾಟಾ ದುರಸ್ತಿ ಮಾಡ್ತಾರ, ಎರಡೂ ಒಂದೇ ಮಾತಾಡೋಹಂಗ ಮಾಡಿಸ್ಕೊಂಡು ಬಾ. ಅಲ್ಲಿತನಕ ಅಂಗಡಿಗೆ ನಿಮ್ಮ ಮಾವ ಕೂಡ್ತಾರ.

ನೀಲಕಂಠ: (ಗೊನೆಗಳ ಕಡೆ ನೋಡುತ್ತಾ, ಬೇಗನೆ) ಹೂಂ, ಕೂಡ್ತೇನಿ.

ಅಂಬಮ್ಮ: ಗೊನಿ ನಾ ಎಣಿಸೀನಿ. ದೌಲ್ಯಾ, ಹತ್ತು. ಇಮಾಮಣ್ಣ, ಪಂಪು ಕೊಡ್ರಿ.

ಅವಳು ಪಂಪನ್ನು ಚಕ್ರಕ್ಕೆ ಸಿಕ್ಕಿಸಿ, ಮೊಬೈಲಿನಲ್ಲಿ ಪಟ್ಟಿ ತೆರೆದು, ತಮ್ಮನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. ಸೀಟಿನ ಮೇಲೆ ಕೂತ ದೌಲಪ್ಪನ ಅಡಿಯಲ್ಲಿ ಸೀಟು ಕಾಣಿಸುತ್ತಿರಲಿಲ್ಲ.

ಅಂಬಮ್ಮ: ಕಾಟಾ ಎರಡೂ ಸೇರಿ ಮೂವತ್ತು ಕೆಜಿ ಹಿಡಿತೇನಿ. ನಿಂದು ತೂಕ ಹೇಳು, ಹವಾ ಹಾಕ್ತೇನಿ.

ದೌಲಪ್ಪ ಒಮ್ಮೆ ಮಾವನ ಮುಖ ನೋಡಿದ. ಒಮ್ಮೆ ಹಿಂದೆ, ಹಗ್ಗದಲ್ಲಿ ಕಟ್ಟಿದ ಎಡಗಡೆಯ ಕಾಟಾ ನೋಡಿದ.

ದೌಲಪ್ಪ: ಅರವತ್ತೊಂಬತ್ತು, ಅಕ್ಕಾ.